ಅಮವಾಸ್ಯೆಯ ದಿನ ಪಾನಾ ಮುಟ್ಟಿದವರು

ಹೋದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನರೋಣಾದಿಂದ ಬರುವಾಗ ಗಾಣದ ಕುಸುಬಿ ಎಣ್ಣೆ ತಂದುಕೊಟ್ಟಳು. ಎರಡು ಲೀಟರಿನ ಬಾಟಲಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಮೇಲೆ ದಾರ ಸುತ್ತಿದ್ದಳು. "ಅಕ್ಕೋರ, ಅಂಗಡಿ ಎಣ್ಣಿ ತಿನಬ್ಯಾಡ್ರಿ, ಇದನ್ನ ತಿನ್ರಿ" ಎಂದು ಗದರಿಸಿಯೂ ಹೋದಳು. ಕಲಿಸಿದವರನ್ನು ಗದರಿಸುವುದು ಇವರಿಗೆ ಚೆನ್ನಾಗಿ ಬರುತ್ತದೆ, ನಾನೇ ಕಲಿಸಿದ್ದಿರಬೇಕು. ಮರುದಿನ ಒಗ್ಗರಣೆಗೆಂದು ಬಾಣಲೆಗೆ ಸುರಿದು ಗ್ಯಾಸ್ ಹಚ್ಚಿದೆ. ಎಣ್ಣೆ ಕಾದು ಸಣ್ಣಗೆ ಹೊಗೆಯೇಳುವ ಹೊತ್ತಿಗೆ ಆ ವಾಸನೆ ಬಂತು... ಸಾಸಿವೆ ನನ್ನ ಮುಷ್ಟಿಯಲ್ಲೇ ಉಳಿಯಿತು. ನಿಂತದ್ದು ಕಲಬುರಗಿಯ ನನ್ನ ಅಡುಗೆ ಮನೆಯಲ್ಲಿ, ಆದರೆ ಎರಡೂ ಕೈಗಳು ಸ್ಟೇರಿಂಗ್ ಹಿಡಿದಂತೆ ಬಿಗಿದುಕೊಂಡಿದ್ದವು.

ಕುಸುಬಿ ಎಣ್ಣೆ ಕಾದ ವಾಸನೆಗೆ ನಮ್ಮ ಕಡೆಯ ಯಾರಿಗಾದರೂ ಹಸಿವಾಗುತ್ತದೆ. ನನಗೆ ಮಾತ್ರ ಹಾಗಲ್ಲ. ಮಿಸ್ತ್ರಿ ಕಾಕಾ ನೆನಪಾಗುತ್ತಾರೆ.

ತೊಂಬತ್ತರ ದಶಕದ ನಡುವಿನ ವರ್ಷಗಳು. ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ, ಬೇವಿನ ಮರದ ಕೆಳಗೆ ಅವರ ಗ್ಯಾರೇಜಿತ್ತು. ಬೋರ್ಡು ಗೀರ್ಡು ಏನೂ ಇರಲಿಲ್ಲ. ಒಂದು ತಗಡಿನ ಶೆಡ್ಡು, ಅದಕ್ಕೆ ಅಂಟಿಕೊಂಡೇ ಎರಡು ಕೋಣೆಯ ಮನೆ. ಗ್ಯಾರೇಜಿನಲ್ಲಿ ಅವರೊಬ್ಬರೇ ಕೆಲಸ ಮಾಡುತ್ತಿದ್ದರು. ಕೈಕೆಳಗೆ ಯಾರನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಐವತ್ತು ದಾಟಿದ, ಸಣಕಲು ದೇಹದ ಮನುಷ್ಯ. ಇಂಜಿನ್ನಿನ ಮೇಲೆ ಉದ್ದನೆಯ ಸ್ಕ್ರೂ ಡ್ರೈವರಿನ ತುದಿ ಇಟ್ಟು, ಹಿಡಿಕೆಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತರೆಂದರೆ ಡಾಕ್ಟರರು ಎದೆ ಪರೀಕ್ಷಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಅವರ ಮುಂದೆ ಯಾರಾದರೂ "ಜಲ್ದಿ ಮಾಡ್ರಿ" ಎಂದರೆ ಕೈಯಲ್ಲಿದ್ದ ಪಾನಾ ಕೆಳಗಿಟ್ಟುಬಿಡುತ್ತಿದ್ದರು. ಪಾನಾ ಎಂದರೆ ನಟ್ಟು ಬೋಲ್ಟು ಬಿಚ್ಚುವ ಸಲಕರಣೆ. "ಜಲ್ದಿ ಬೇಕಂದ್ರ ಬಸ್ಸಿಗೆ ಹೋಗ್ರಿ, ಹಿಂದ ನಿಂತದ" ಎನ್ನುತ್ತಿದ್ದರು. ಲಾರಿ ಮಾಲೀಕರೂ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರು.

ನಮ್ಮ ಮಾವನವರದು ತೊಗರಿ ಬೇಳೆಯ ಮಿಲ್ಲು. ಮಿಲ್ಲಿನ ಎರಡು ಲಾರಿ, ಟ್ರ್ಯಾಕ್ಟರು, ಜೀಪು ಎಲ್ಲವೂ ಮಿಸ್ತ್ರಿ ಕಾಕಾನ ಕೈಯಲ್ಲೇ. ಆ ವರ್ಷ ಮಾವ ಸೋಲಾಪುರದಿಂದ ಒಂದು ಹಳೆಯ ಬಿಳಿ ಕಾರು ತಂದರು. ಅದಕ್ಕೆ ಪವರ್ ಸ್ಟೇರಿಂಗ್ ಇತ್ತು. ಆಳಂದಕ್ಕೆ ಅದೇ ಮೊದಲಿರಬೇಕು. ಒಂದು ಬೆರಳಿನಿಂದ ಚಕ್ರ ತಿರುಗುತ್ತದಂತೆ ಎಂದು ಸುದ್ದಿ ಹಬ್ಬಿ, ವಾರವೆಲ್ಲ ಮಿಲ್ಲಿನ ಅಂಗಳಕ್ಕೆ ಜನ ಬಂದು ಬೆರಳು ಹಾಕಿ ತಿರುಗಿಸಿ ಹೋದರು.

ನಾನು ಆಗ ಬಿ.ಎಸ್ಸಿ., ಬಿ.ಎಡ್. ಮುಗಿಸಿ ಏಳೆಂಟು ವರ್ಷದಿಂದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ನರೋಣಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಆದೇಶ ಬಂತು. ಆದೇಶದ ಕಾಗದ ನೋಡಿ ಮಾವ ಕನ್ನಡಕ ತೆಗೆದಿಟ್ಟರು. "ಬಸ್ಸಿನಾಗ ಮಂದಿ ಮೈಮ್ಯಾಲ ಬಿದ್ದಕೋತ ನಮ್ಮ ಮನಿ ಸೊಸಿ ಹೋಗೂದು ಬ್ಯಾಡ. ಡ್ರೈವರ್‌ಗ ಮಿಲ್ಲಿನಾಗ ಕೆಲಸ ಅದ." ಅಂದರೆ ನೌಕರಿ ಬೇಡ ಎಂದು ಅರ್ಥ. ಮೂಗಿನ ತುದಿಯಲ್ಲೇ ಸಿಟ್ಟಿದ್ದವಳು ನಾನು. "ನಾನ ಹೊಡಕೊಂಡು ಹೋಗ್ತೇನ್ರಿ ಮಾವಾ" ಅಂದುಬಿಟ್ಟೆ. ಯಜಮಾನರು ನೆಲ ನೋಡಿದರು. ಅವರಪ್ಪನ ಎದುರು ಅವರು ನೆಲ ನೋಡುವುದೇ ಹೆಚ್ಚು. ಮಾವ ಯಾಕೋ ನಕ್ಕರು. "ಕಲಿ. ನಾ ಒಂದಿನ ಬಾಜೂಕ ಕುಂತು ನೋಡ್ತೇನಿ. ಬರೋಬರಿ ಅನಸ್ತಂದ್ರ ಚಾವಿ ನಿಂದು. ಇಲ್ಲಂದ್ರ ಮತ್ತ ಆ ಕಾಗದದ ಸುದ್ದಿ ತೆಗೀಬಾರದು."

ಕಲಿಸಲು ಮಿಸ್ತ್ರಿ ಕಾಕಾನಿಗೆ ಹೇಳಿದರು. ವಯಸ್ಸಾದವರು, ನಂಬಿಕಸ್ಥರು ಎಂದು. ಮೊದಲ ದಿನ ಅಂಗಳದಲ್ಲಿ ನಾನು ಸೀಟಿಗೆ ಹತ್ತಿದಾಗ ಅವರು ಬಾಗಿಲು ಹಿಡಿದು ಹೇಳಿದ್ದು: "ಹೆದರಬ್ಯಾಡ್ರಿ ಅಕ್ಕೋರ." ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಕರೆಯುವುದು ಹಾಗೆ. ನಾನಿನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ನನ್ನನ್ನು ಮೊದಲು ಅಕ್ಕೋರ ಎಂದು ಕರೆದವರು ಅವರೇ. ಆ ದಿನ ನನಗೆ ಎಷ್ಟು ಹಿಗ್ಗಾಯಿತೆಂದರೆ ಬ್ರೇಕು ಒತ್ತುವ ಬದಲು ಇನ್ನೊಂದನ್ನು ಒತ್ತಿ ಹೊಟ್ಟಿನ ಚೀಲಗಳಿಗೆ ಗುದ್ದಿದೆ. ಅವರು ನಗಲಿಲ್ಲ. ಇಳಿದು ಹೋಗಿ ಚೀಲ ಸರಿಸಿ, ಮತ್ತೆ ಬಂದು ಕುಳಿತರು.

ಕಲಿಯುತ್ತಿದ್ದಾಗಲೇ ಒಮ್ಮೆ ಸ್ಟೇರಿಂಗಿನ ಎಣ್ಣೆಯ ಪೈಪು ಸೋರಿ ಅದನ್ನು ಬದಲಿಸಬೇಕಾಯಿತು. ಪೈಪು ಬಿಚ್ಚಿದರೆ ಒಳಗೆ ಗಾಳಿ ಹೊಗುತ್ತದೆ. ಆ ಗಾಳಿ ತೆಗೆಯಲು ಎರಡು ಜನ ಬೇಕು, ಚಕ್ರ ತಿರುಗಿಸಲು ಒಬ್ಬರು, ಎಣ್ಣೆ ತುಂಬಿಡುವ ಟಾಕಿ ನೋಡಲು ಒಬ್ಬರು. ನಾನೇ ಕುಳಿತೆ. ಮುಂದಿನ ಗಾಲಿಗಳನ್ನು ಜಾಕಿನಿಂದ ನೆಲ ಬಿಡಿಸಿ, ಇಂಜಿನ್ ಬಂದ್ ಇಟ್ಟು, ಸ್ಟೇರಿಂಗನ್ನು ಎಡಕ್ಕೆ ಕೊನೆಯವರೆಗೆ, ಬಲಕ್ಕೆ ಕೊನೆಯವರೆಗೆ ತಿರುಗಿಸುತ್ತ ಹೋಗಬೇಕು. ಗಾಳಿ ಗುಳ್ಳೆಯಾಗಿ ಟಾಕಿಯಲ್ಲಿ ಮೇಲೆ ಬರುತ್ತದೆ. "ಎಡಕ್ಕ... ಸಾವಕಾಶ... ಹಾಂ, ಬಿಡ್ರಿ. ಈಗ ಬಲಕ್ಕ." ಬಾನೆಟ್ಟಿನ ಹಿಂದಿನಿಂದ ಅವರ ದನಿ ಮಾತ್ರ ಕೇಳುತ್ತಿತ್ತು. ಒಂದು ಗಂಟೆ ತಿರುಗಿಸಿ ನನ್ನ ರೆಟ್ಟೆ ಬಿದ್ದುಹೋದವು. "ಇಂಜಿನ್ ಚಾಲೂ ಮಾಡಿದ್ರ ಜಲ್ದಿ ಆಗೂದಿಲ್ಲೇನ್ರಿ ಕಾಕಾ?" ಎಂದು ಕೇಳಿದೆ. "ಗಾಳಿ ಒಳಗಿದ್ದಾಗ ಚಾಲೂ ಮಾಡಿದ್ರ ಎಣ್ಣಿ ಮಜ್ಜಿಗಿ ಆಗ್ತದ್ರಿ. ಆಮ್ಯಾಲ ನೊರಿ ಇಳದು ಕೂಡೂತನಕ ಕಾಯೋದು ಒಂದ ದಾರಿ." ದ್ರವವನ್ನು ಒತ್ತಿ ಕಿರಿದು ಮಾಡಲು ಬರುವುದಿಲ್ಲ, ಗಾಳಿಯನ್ನು ಬರುತ್ತದೆ; ಅದಕ್ಕೇ ಗಾಳಿ ಸೇರಿದರೆ ಬಲ ಗಾಲಿಗೆ ಮುಟ್ಟುವುದಿಲ್ಲ. ಇದನ್ನು ನಾನು ಪುಸ್ತಕದಲ್ಲಿ ಓದಿ ನೂರಕ್ಕೆ ಎಂಬತ್ತು ತೆಗೆದುಕೊಂಡವಳು. ಅರ್ಥವಾದದ್ದು ಆ ಬೇವಿನ ಮರದ ಕೆಳಗೆ.

ಹೋಗುವಾಗ ಅವರು ಹೇಳಿದ್ದರು, "ಹೊಸಾ ಜಾಯಿಂಟ್ ಅದ. ಎಂಟು ದಿನಕ್ಕ ಒಮ್ಮಿ ತೋರಸ್ರಿ." ನಾನು ತೋರಿಸಲಿಲ್ಲ. ಕಾರು ಮತ್ತೆ ಗ್ಯಾರೇಜಿನ ಮುಂದೆ ನಿಂತದ್ದು ಮಾವನ ಕಣ್ಣಿಗೆ ಬಿದ್ದರೆ, ಸೊಸೆ ಏನೋ ಕೆಡಿಸಿದಳು ಅಂದುಕೊಂಡಾರು ಎಂಬ ಭಯ.

ಎಳ್ಳಮವಾಸ್ಯೆ ಬಂತು. ಆ ದಿನ ನಮ್ಮ ಸೀಮೆಯಲ್ಲಿ ಊರೆಂಬುದು ಊರಲ್ಲಿರುವುದಿಲ್ಲ, ಹೊಲದಲ್ಲಿರುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಎಲ್ಲರೂ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಪೈರಿಗೆಲ್ಲ ನೈವೇದ್ಯದ ಚರಗ ಚೆಲ್ಲಿ ಉಂಡು ಬರುತ್ತಾರೆ. ಬೆಳಿಗ್ಗೆ ಟ್ರ್ಯಾಕ್ಟರು ಹತ್ತುವ ಮೊದಲು ಮಾವ ತಿರುಗಿ ನನ್ನನ್ನು ನೋಡಿದರು. "ಹೊಲದಿಂದ ಬರೂವಾಗ ನಾ ನಿನ್ನ ಗಾಡ್ಯಾಗ ಕುಂದರ್ತೇನಿ. ನಾಕಕ್ಕ ಹೊಂಡೂದು. ಇವತ್ತ ನೋಡಿಬಿಡೋಣು."

ಆದೇಶದಂತೆ ಶಾಲೆಗೆ ಹಾಜರಾಗಲು ನಾಲ್ಕೇ ದಿನ ಉಳಿದಿದ್ದವು. ಇವತ್ತು ಸರಿಹೋದರೆ ಶಾಲೆ, ಇಲ್ಲದಿದ್ದರೆ ಇಲ್ಲ.

ಮೊದಲು ಅತ್ತೆಯವರನ್ನೂ ಪೂಜೆಯ ಬುತ್ತಿಯನ್ನೂ ಮಾದನಹಿಪ್ಪರಗಾ ರಸ್ತೆಯ ಹೊಲಕ್ಕೆ ಬಿಟ್ಟು ಬಂದೆ. ಉಳಿದ ಎರಡು ಬುಟ್ಟಿ ಮತ್ತು ಕುಸುಬಿ ಎಣ್ಣೆಯ ಕ್ಯಾನು ಒಯ್ಯಲು ಒಬ್ಬಳೇ ಮನೆಗೆ ಮರಳಿದೆ. ಮತ್ತೆ ಹೊರಟು ಊರ ಅಂಚಿಗೆ ಬಂದಾಗ ಸ್ಟೇರಿಂಗ್ ತಿರುಗಿಸಿದರೆ ಕುಂಯ್ ಎಂದು ನರಳತೊಡಗಿತು. ಬಾನೆಟ್ ಎತ್ತಿ ನೋಡಿದರೆ ಸ್ಟೇರಿಂಗಿನ ಟಾಕಿ ಖಾಲಿ. ಜಾಯಿಂಟು ಸೋರಿ ಕೆಳಗೆಲ್ಲ ಕೆಂಪು ಜಿಡ್ಡಾಗಿತ್ತು. ಹನ್ನೆರಡೂವರೆ ಆಗಿತ್ತು. ರಸ್ತೆಯಲ್ಲಿ ಎತ್ತಿನ ಬಂಡಿಗಳು ಮಾತ್ರ ಹೊಲಗಳ ಕಡೆ ಹೋಗುತ್ತಿದ್ದವು. ಅಂಗಡಿ ಮುಂಗಟ್ಟು ಎಲ್ಲ ಮುಚ್ಚಿದ್ದವು.

ಆಮೇಲೆ ನಾನು ಮಾಡಿದ್ದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಎಣ್ಣೆ ಎಂದರೆ ಎಣ್ಣೆ ತಾನೆ, ಅಷ್ಟೇನು ವ್ಯತ್ಯಾಸ ಎಂದುಕೊಂಡು ಕ್ಯಾನಿನ ಮುಚ್ಚಳ ಬಿಚ್ಚಿ ಕುಸುಬಿ ಎಣ್ಣೆಯನ್ನು ಟಾಕಿಗೆ ಸುರಿದೆ. ವಿಜ್ಞಾನದ ಪದವೀಧರೆ! ಬಣ್ಣ ಬೇರೆಯಿತ್ತು, ಅದು ಕೂಡ ಕಣ್ಣಿಗೆ ಬೀಳಲಿಲ್ಲ. ಇಂಜಿನ್ ಹಚ್ಚಿದೆ. ನರಳಾಟ ನಿಂತಿತು. ಅಬ್ಬಾ, ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಎರಡು ಮೈಲಿ ಹೋಗುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಆ ವಾಸನೆ ಬಂತು. ಕಾದ ಕುಸುಬಿ ಎಣ್ಣೆಯ ವಾಸನೆ. ಸ್ಟೇರಿಂಗು ಒಂದು ಕ್ಷಣ ಹಗುರ, ಮರುಕ್ಷಣ ಕಲ್ಲು. ತಿರುವಿನಲ್ಲಿ ಎದುರಿಗೆ ಒಂದು ಬಂಡಿ, ಅದರ ತುಂಬ ಹೆಂಗಸರು, ಕೂಸುಗಳು. ನಾನು ಎಡಕ್ಕೆ ಎಳೆದರೆ ಚಕ್ರ ತಿರುಗಲೇ ಇಲ್ಲ... ಎರಡೂ ಕೈಯಿಂದ, ಮೈಯೆಲ್ಲ ಭಾರ ಹಾಕಿ ಎಳೆದೆ. ಬಂಡಿಯ ಎತ್ತಿನ ಕೋಡು ನನ್ನ ಕಿಟಕಿಯ ಪಕ್ಕದಲ್ಲೇ ಹಾದುಹೋಯಿತು. ಬಂಡಿ ಹೊಡೆಯುವವ ಬೈದದ್ದು ಕೇಳಿಸಿತು. ಬೈಸಿಕೊಳ್ಳಬೇಕಾದ್ದೇ. ಕಾರು ನಿಲ್ಲಿಸಿ ಐದು ನಿಮಿಷ ಕುಳಿತೆ. ಆಮೇಲೆ ಊರ ಕಡೆ ತಿರುಗಿಸಿ, ಆಮೆಯ ಹಾಗೆ ತೆವಳಿಸಿಕೊಂಡು ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದೆ.

ಮಿಸ್ತ್ರಿ ಕಾಕಾ ಬಿಳಿ ಧೋತರ ಉಟ್ಟು ಕಟ್ಟೆಯ ಮೇಲೆ ಕುಳಿತಿದ್ದರು. ಶೆಡ್ಡಿನೊಳಗೆ ಪಾನಾಗಳನ್ನೆಲ್ಲ ತೊಳೆದು ಸಾಲಾಗಿಟ್ಟು ಕುಂಕುಮ, ಹೂವು ಏರಿಸಿದ್ದರು. ಪ್ರತಿ ಅಮವಾಸ್ಯೆಯೂ ಅಷ್ಟೆ. ಅಫಜಲಪುರದಲ್ಲಿ ಅವರಿಗೆ ಕೆಲಸ ಕಲಿಸಿದ ಉಸ್ತಾದರು ಹಾಕಿಕೊಟ್ಟ ನೇಮ, ಅಮವಾಸ್ಯೆಗೆ ಪಾನಾ ಮುಟ್ಟಬಾರದು, ಮುಟ್ಟಿ ಮಾಡಿದ ಕೆಲಸ ಕೆಡುತ್ತದೆ ಎಂದು. ಊರಿಗೆಲ್ಲ ಗೊತ್ತಿದ್ದ ಮಾತು ಅದು. ಲಾರಿ ನಡುರಸ್ತೆಯಲ್ಲಿ ನಿಂತರೂ ಅವರು ಆ ದಿನ ಏಳುತ್ತಿರಲಿಲ್ಲ.

"ಕಾಕಾ, ಸ್ಟೇರಿಂಗ ಕೆಟ್ಟದ್ರಿ. ನಾಕಕ್ಕ ಮಾವ ಬಾಜೂಕ ಕುಂದರ್ತಾರ."

"ಇವತ್ತ ಅಮಾಸಿ, ಅಕ್ಕೋರ."

"ಗೊತ್ತದ್ರಿ. ಇವತ್ತ ಆಗಲಿಲ್ಲಂದ್ರ ನನ್ನ ನೌಕರಿ ಹೋತು."

ಅವರು ಎದ್ದು ಬಂದು ಬಾನೆಟ್ ಎತ್ತಿದರು. ಟಾಕಿಯೊಳಗೆ ಬಿಳಿ ನೊರೆ ಕುದಿಯುತ್ತಿತ್ತು. "ಏನ ಹಾಕೀರಿ?" ಎಂದು ಕೇಳಿದರು. "ಏನೂ ಹಾಕಿಲ್ರಿ. ಸೋರೇದ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಾಯಿಗೆ ಬಂತು! ಅವರು ನೊರೆಯಲ್ಲಿ ಬೆರಳದ್ದಿ ಮೂಗಿನ ಹತ್ತಿರ ಹಿಡಿದರು. ಹಿಂದಿನ ಸೀಟಿನಲ್ಲಿದ್ದ ಎಣ್ಣೆಯ ಕ್ಯಾನಿನ ಕಡೆ ಒಮ್ಮೆ ನೋಡಿದರು. ಬೆರಳನ್ನು ಆ ಬಿಳಿ ಧೋತರಕ್ಕೇ ಒರೆಸಿಕೊಂಡರು. ಶೆಡ್ಡಿಗೆ ಹೋಗಿ ಪಾನಾಗಳ ಮುಂದೆ ಕೈಮುಗಿದು ನಿಂತರು, ಒಂದನ್ನೆತ್ತಿ ಕಣ್ಣಿಗೊತ್ತಿಕೊಂಡು ಕುಂಕುಮ ಒರೆಸಿದರು. ಒಳಗಿನಿಂದ ಅವರ ಹೆಂಡತಿ "ಅಯ್ಯ, ಇವತ್ತ್ಯಾಕ ಮುಟ್ಟೀರಿ?" ಎಂದು ಬಾಗಿಲಿಗೆ ಬಂದರು. "ನೀ ಒಳಗ ನಡಿ" ಎಂದರು, ಅಷ್ಟೆ.

ಸ್ಟೇರಿಂಗಿಗೆ ಹಾಕುವ ಸರಿಯಾದ ಕೆಂಪು ಎಣ್ಣೆ ಆಳಂದದಲ್ಲಿ ಸಿಗುತ್ತಿರಲಿಲ್ಲ. ಸೋಲಾಪುರದಿಂದ ತರಿಸಿದ್ದು ಅವರ ಹತ್ತಿರ ಒಂದೇ ಡಬ್ಬಿ ಇತ್ತು. ಅದರಲ್ಲೇ ಒಳಗಿನ ಹೊಲಸು ತೊಳೆಯಬೇಕು, ಅದರಲ್ಲೇ ತುಂಬಿಸಲೂ ಬೇಕು. ಗಾಲಿ ಎತ್ತಿದರು, ಪೈಪು ಬಿಚ್ಚಿ ಬಕೀಟಿಗೆ ಬಿಟ್ಟರು. ನಾನು ತಿರುಗಿಸುತ್ತ ಹೋದಂತೆ ನೊರೆನೊರೆಯಾದ ಎಣ್ಣೆ ಬುಳುಬುಳು ಬಕೀಟಿಗೆ ಬಿತ್ತು. ಸ್ವಲ್ಪ ಕೆಂಪೆಣ್ಣೆ ಸುರಿದು ತೊಳೆದರು, ಮತ್ತೆ ಸ್ವಲ್ಪ. ಡಬ್ಬಿಯನ್ನು ಪ್ರತಿ ಸಲವೂ ಕಣ್ಣಿನ ಮಟ್ಟಕ್ಕೆತ್ತಿ ನೋಡುತ್ತಿದ್ದರು. ಜಾಯಿಂಟು ಬಿಗಿದು, ಉಳಿದದ್ದನ್ನು ತುಂಬಿಸಿದಾಗ ಒಂದೂವರೆ ದಾಟಿತ್ತು.

"ಈಗ ಗಾಳಿ. ಎಡಕ್ಕ... ಸಾವಕಾಶ..."

ಎಡಕ್ಕೆ. ಬಲಕ್ಕೆ. ಗುಳ್ಳೆ ಬರುತ್ತಲೇ ಇದ್ದವು. ಇಪ್ಪತ್ತು ಸಲ, ಮೂವತ್ತು ಸಲ. ಎರಡಾಯಿತು. ಹೊಲದಲ್ಲಿ ಉಳಿದ ಬುಟ್ಟಿಗಾಗಿ ಅತ್ತೆ ದಾರಿ ನೋಡುತ್ತಿದ್ದಾರು, ಮಾವ ಕೈಗಡಿಯಾರ ನೋಡುತ್ತಿದ್ದಾರು ಎಂದು ನನ್ನ ತಲೆ ಸಿಡಿಯುತ್ತಿತ್ತು. ಗುಳ್ಳೆ ಇನ್ನೇನು ನಿಂತವು ಅನ್ನುವಾಗ ಮತ್ತೆರಡು ಬರುತ್ತಿದ್ದವು. ಕಾಕಾ ಪ್ರತಿ ಸಲವೂ ಕೈ ಎತ್ತಿ ನಿಲ್ಲಿಸಿ, ಅವು ಮೇಲೆ ಬಂದು ಒಡೆಯುವವರೆಗೆ ಕಾಯುತ್ತಿದ್ದರು. ಅವರ ಆ ನಿಧಾನ ನೋಡಿ ನನಗೆ ಮೈಯೆಲ್ಲ ಉರಿಯಿತು. "ಜಲ್ದಿ ಮಾಡ್ರಿ ಕಾಕಾ! ನಿಮಗೇನ ಹೋಗ್ತದ? ಹೋಗೂದು ನಂದು!" ಎಂದು ಚೀರಿದೆ.

ಅವರು ಪಾನಾ ಕೆಳಗಿಡಲಿಲ್ಲ. ಬಸ್ಸಿಗೆ ಹೋಗಿ ಎಂದೂ ಅನ್ನಲಿಲ್ಲ. "ನೀರ ಕುಡಿಯಾಕ ತರ್ತೇನಿ. ನಿಮಗ ಬಾಯಿ ಒಣಗ್ಯದ" ಎಂದು ಒಳಗೆ ಹೋದರು.

ಅವರು ಬಾಗಿಲು ದಾಟಿದ್ದೇ ತಡ, ನಾನು ಚಾವಿ ತಿರುಗಿಸಿ ಇಂಜಿನ್ ಹಚ್ಚಿದೆ. ಪಂಪು ತಿರುಗಿದರೆ ಗಾಳಿ ತಾನೇ ಹೊರಗೆ ಬರುತ್ತದೆ, ಇವರಿಗೇನು ಗೊತ್ತು, ಓದಿದವಳು ನಾನು... ಒಂದು ನಿಮಿಷ ಕೂಡ ಆಗಿರಲಿಲ್ಲ. ಗುರ್‌ರ್ ಎಂದು ಸದ್ದು ಬಂತು. ಕಾಕಾ ತಂಬಿಗೆ ಹಿಡಿದೇ ಓಡಿಬಂದು ಕಿಟಕಿಯೊಳಗೆ ಕೈ ಹಾಕಿ ಬಂದ್ ಮಾಡಿದರು. ಟಾಕಿಯಲ್ಲಿ ಕೆಂಪೆಣ್ಣೆ ಗುಲಾಬಿ ನೊರೆಯಾಗಿ ಅಂಚಿನವರೆಗೆ ಉಕ್ಕಿತ್ತು. ಒಂದು ಗಂಟೆಯ ಕೆಲಸ ಮಣ್ಣುಪಾಲು. ಇನ್ನೊಂದು ಡಬ್ಬಿ ಇರಲಿಲ್ಲ.

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ತಂಬಿಗೆ ನನ್ನ ಕೈಗೆ ಕೊಟ್ಟು ಟಾಕಿಯ ಪಕ್ಕ ಗಾಡಿಗೆ ಒರಗಿ ನಿಂತರು. "ಈಗ ನೀವೂ ಇಲ್ಲ, ನಾನೂ ಇಲ್ಲ. ನೊರಿ ಕೂಡೂತನಕ ಸುಮ್ನ ಕುಂದರೂದು." ನಾನು ಸ್ಟೇರಿಂಗಿಗೆ ತಲೆಯಿಟ್ಟು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲು ಬರಲಿಲ್ಲ. ಟಾಕಿಯನ್ನೇ ನೋಡುತ್ತಿದ್ದರು. ಬೇವಿನ ಎಲೆ ಒಂದೂ ಅದರೊಳಗೆ ಬೀಳದಂತೆ ಅಂಗೈ ಅಡ್ಡ ಹಿಡಿದಿದ್ದರು, ನಲವತ್ತು ನಿಮಿಷ.

ನೊರೆ ಇಳಿದಾಗ ಮೂರು ಗಂಟೆ ಹತ್ತಿರ. ಮತ್ತೆ ಎಡಕ್ಕೆ, ಬಲಕ್ಕೆ. ಈ ಸಲ ಅವರು ಕೈ ಎತ್ತಿದರೆ ನಿಲ್ಲಿಸುತ್ತಿದ್ದೆ, ಇಳಿಸಿದರೆ ತಿರುಗಿಸುತ್ತಿದ್ದೆ. ಗುಳ್ಳೆ ಕಡಿಮೆಯಾದವು. ಒಂದು... ಬಹಳ ಹೊತ್ತಿನ ಮೇಲೆ ಇನ್ನೊಂದು. ಆಮೇಲೆ ಬರಲಿಲ್ಲ. "ಈಗ ಹಚ್ರಿ" ಎಂದರು. ಹಚ್ಚಿದೆ. ಸ್ಕ್ರೂ ಡ್ರೈವರನ್ನು ಕಿವಿಗೊತ್ತಿ ಕಣ್ಣು ಮುಚ್ಚಿದರು. ಕಣ್ಣು ತೆರೆದು ತಲೆಯಾಡಿಸಿದರು.

ಗಾಲಿ ಇಳಿಸುವಾಗ ಮಾತ್ರ ಹೇಳಿದರು: "ಅಕ್ಕೋರ, ಒಂದ ಡಬ್ಬಿ ಸಾಲಂಗಿಲ್ಲ. ಒಳಗ ಇನ್ನಾ ಉಳದದ, ಅದು ರಬ್ಬರ್ ತಿಂತದ. ಸೋಲಾಪುರದಿಂದ ಎರಡ ಡಬ್ಬಿ ತರಸ್ತೇನಿ. ಎಂಟ ದಿನದಾಗ ಗಾಡಿ ತಂದು ಬಿಡ್ರಿ. ಮರೀಬ್ಯಾಡ್ರಿ." ಹೂಂ ಎಂದು ಹಾರಿದೆ. ಏನು ಉಳಿದಿದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಹೊಲ ಮುಟ್ಟಿದೆ. ಬುಟ್ಟಿ ತಡವಾದದ್ದಕ್ಕೆ ಅತ್ತೆ ಎರಡು ಮಾತು ಅಂದರು. ಮಾವ ಸುಮ್ಮನೆ ಬಂದು ಪಕ್ಕದ ಸೀಟಿನಲ್ಲಿ ಕುಳಿತರು. ಆ ದಾರಿ ಇವತ್ತಿಗೂ ನನ್ನ ಕನಸಿನಲ್ಲಿ ಬರುತ್ತದೆ. ಒಂದೊಂದು ತಿರುವಿನಲ್ಲೂ ಕಿವಿ ನಿಮಿರುತ್ತಿತ್ತು, ಈಗ ನರಳುತ್ತದೆ, ಈಗ ಕಲ್ಲಾಗುತ್ತದೆ ಎಂದು. ಅದೇ ತಿರುವಿನಲ್ಲಿ ಮತ್ತೆ ಎದುರು ಬಂಡಿ ಬಂತು. ಚಕ್ರ ಬೆಣ್ಣೆಯ ಹಾಗೆ ತಿರುಗಿತು. ಊರ ಹತ್ತಿರ ಮಾವ ಮೂಗು ಅರಳಿಸಿದರು. "ಏನಬೇ, ಕುಸುಬಿ ಎಣ್ಣಿ ವಾಸನಿ?" ಇಂಜಿನ್ನಿನ ಮೇಲೆ ಚೆಲ್ಲಿದ್ದು ಕಾದಿತ್ತು. "ಕ್ಯಾನ್ ಚೆಲ್ಲೇತ್ರಿ ಮಾವಾ" ಎಂದೆ. ಮನೆಯ ಮುಂದೆ ಇಳಿದು ಅವರು ಚಾವಿಯನ್ನು ಕೇಳಲಿಲ್ಲ. "ಸೋಮವಾರ ಹೋಗು. ಸಾವಕಾಶ ಹೊಡಿ" ಎಂದು ಒಳಗೆ ನಡೆದರು.

ನಾನು ಶಾಲೆ ಸೇರಿದೆ. ಎಂಟು ದಿನವಾಯಿತು, ಹದಿನೈದಾಯಿತು. ಒಂದು ಸಂಜೆ ನರೋಣಾದಿಂದ ಬರುವಾಗ ಮಿಸ್ತ್ರಿ ಕಾಕಾ ರಸ್ತೆಯ ಬದಿ ನಿಂತು ಎರಡೂ ಕೈಯಲ್ಲಿ ಎರಡು ಡಬ್ಬಿ ಎತ್ತಿ ತೋರಿಸಿದರು. ಸೋಲಾಪುರದಿಂದ ಬಂದಿದ್ದವು. ನಾನು ಕಿಟಕಿಯಿಂದ ಕೈಬೀಸಿ, ನಾಳೆ ಎಂಬಂತೆ ಸನ್ನೆ ಮಾಡಿ ಮುಂದೆ ಹೋದೆ. ಕಾರು ಚೆನ್ನಾಗಿಯೇ ಓಡುತ್ತಿತ್ತು. ಗ್ಯಾರೇಜಿಗೆ ಬಿಟ್ಟರೆ ಮಾವ ಯಾಕೆ ಎಂದು ಕೇಳುತ್ತಾರೆ. ಆ ನಾಳೆ ಬರಲೇ ಇಲ್ಲ.

ಒಂದು ಭಾನುವಾರ ಮಿಲ್ಲಿನ ಡ್ರೈವರು ಮಾವನನ್ನು ಕೂರಿಸಿಕೊಂಡು ಜೇವರ್ಗಿಗೆ ಹೋದ. ತಿರುವಿನಲ್ಲಿ ಸ್ಟೇರಿಂಗಿನ ಪೈಪು ಒಡೆದು ಚಕ್ರ ಬಿಗಿಯಿತು. ಕಾರು ತೊಗರಿ ಹೊಲಕ್ಕೆ ನುಗ್ಗಿ ಬದುವಿಗೆ ಹೊಡೆಯಿತು. ಮಾವನ ಹೆಗಲ ಮೂಳೆ ಮುರಿಯಿತು. ಜೀವ ಉಳಿದದ್ದೇ ಹೆಚ್ಚು. ಕಾರನ್ನು ಸೋಲಾಪುರಕ್ಕೆ ಎಳೆಸಿದಾಗ ಅಲ್ಲಿಯವರು ನೋಡಿ ಹೇಳಿದರಂತೆ, ಇದರೊಳಗೆ ಯಾರೋ ಬೇರೆ ಎಣ್ಣೆ ಹಾಕಿದ್ದಾರೆ, ರಬ್ಬರೆಲ್ಲ ಉಬ್ಬಿದೆ ಎಂದು. ಅಷ್ಟು ಸಾಕಾಯಿತು. ಎಳ್ಳಮವಾಸ್ಯೆಯ ದಿನ ಮಿಸ್ತ್ರಿ ಈ ಕಾರಿನ ಗಾಲಿ ಎತ್ತಿದ್ದನ್ನು ಹೊಲಕ್ಕೆ ಹೋಗುತ್ತಿದ್ದವರು ಯಾರೋ ಕಂಡಿದ್ದರು. ಅಮಾಸಿಗೆ ಪಾನಾ ಮುಟ್ಟಿದ, ಅದಕ್ಕೇ ಹೀಗಾಯಿತು ಎಂದು ಊರೆಲ್ಲ ಮಾತಾಯಿತು.

ಮಾವ ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ಮಿಲ್ಲಿನ ಅಂಗಳಕ್ಕೆ ಅವರನ್ನು ಕರೆಸಿದರು. ಹಮಾಲರು, ಡ್ರೈವರುಗಳು ಎಲ್ಲ ಸುತ್ತ ನಿಂತಿದ್ದರು. ನಾನು ಒಳಬಾಗಿಲ ಹತ್ತಿರ ನಿಂತಿದ್ದೆ.

"ಅವತ್ತ ನನ್ನ ಗಾಡಿ ಯಾಕ ಬಿಚ್ಚಿದಿ? ಎಣ್ಣಿ ಯಾರು ಹಾಕಿದ್ದು?" ಮಾವ ಕೇಳಿದರು.

ಕಾಕಾ ತಲೆಯೆತ್ತಿದರು. ಮಾವನ ಭುಜದ ಮೇಲಿಂದ ಅವರ ಕಣ್ಣು ಒಮ್ಮೆ ನನ್ನ ಮೇಲೆ ಬಂದು ಹೋಯಿತು. ನಾನು ಬಾಯಿ ತೆರೆದೆ, ಖರೇ ಹೇಳುತ್ತೇನೆ, ತೆರೆದಿದ್ದೆ. ಮಾತು ಹೊರಗೆ ಬರಲಿಲ್ಲ.

"ಜಾಯಿಂಟ್ ಸೋರತಿತ್ತು, ನಾನ ಬಿಚ್ಚಿದ್ದೆ. ನಾನ ಹಾಕೇನ್ರಿ ಸಾವಕಾರ್ರ" ಎಂದರು. "ಎಣ್ಣಿ ಅಂದ್ರ ಎಣ್ಣಿ ಅಂತ ತಿಳದಿದ್ದೆ. ತಪ್ಪಾತು."

ನನ್ನದೇ ಮಾತು ಅದು. ಯಾರಿಗೂ ಹೇಳದೆ ನನ್ನೊಳಗೇ ಅಂದುಕೊಂಡಿದ್ದ ಮಾತು. ಮೂವತ್ತು ವರ್ಷ ಇಂಜಿನ್ನಿಗೆ ಕಿವಿಕೊಟ್ಟ ಮನುಷ್ಯ ಜನರ ನಡುವೆ ನಿಂತು ತಾನು ಎಣ್ಣೆ ಗೊತ್ತಿಲ್ಲದ ಮಿಸ್ತ್ರಿ ಎಂದು ಒಪ್ಪಿಕೊಂಡರು. ಯಾರೋ ಹಿಂದಿನಿಂದ ನಕ್ಕರು. ಮಿಲ್ಲಿನ ಗಾಡಿಗಳು ಅಂದಿನಿಂದ ಅವರ ಹತ್ತಿರ ಹೋಗಲಿಲ್ಲ. ನೋಡನೋಡುತ್ತ ಉಳಿದವರೂ ಬಿಟ್ಟರು. ಬೇವಿನ ಮರದ ಕೆಳಗೆ ಸೈಕಲ್ಲು ಕೂಡ ನಿಲ್ಲದಂತಾಯಿತು.

ಅವರು ಊರು ಬಿಡುತ್ತಿದ್ದಾರೆ ಎಂದು ಕೇಳಿ ಒಂದು ಮಧ್ಯಾಹ್ನ ಓಡಿಹೋದೆ. ತಗಡುಗಳನ್ನು ಬಿಚ್ಚಿ 'ಜೇವರ್ಗಿ' ಎಂದು ಸುಣ್ಣದಲ್ಲಿ ಬರೆದ ಟೆಂಪೋಗೆ ಏರಿಸುತ್ತಿದ್ದರು. "ಕಾಕಾ, ನಾ ಇವತ್ತ ಮಾವಗ ಹೇಳಿಬಿಡ್ತೇನಿ" ಎಂದೆ. ಅವರು ಪಾನಾಗಳನ್ನು ಗೋಣಿಚೀಲಕ್ಕೆ ಹಾಕುತ್ತಲೇ ಇದ್ದರು.

"ಹೇಳಿದ್ರ ನನಗ ಎರಡ ಹಾನಿ ಆಗ್ತದ್ರಿ. ಕೆಲಸಾನೂ ಹೋತು, ಅಕ್ಕೋರೂ ಹೋದ್ರು ಅಂತ. ಮಿಸ್ತ್ರಿಗೋಳು ಊರಾಗ ಬೇಕಾದಷ್ಟ ಅದಾರ. ಗಾಡಿ ಹೊಡಕೊಂಡು ಸಾಲಿಗೆ ಹೋಗೂ ಅಕ್ಕೋರು ನೀವೊಬ್ಬರ." ಚೀಲದ ಬಾಯಿ ಕಟ್ಟಿ ನನ್ನ ಮುಖ ನೋಡಿದರು. "ಹೋಗ್ರಿ, ಹೊತ್ತಾತು."

ನಾನು ಹೋದೆ. ಅದೇ ನನ್ನ ಜೀವಮಾನದ ನಾಚಿಕೆ. ಅವರು ಬೇಡ ಎಂದದ್ದನ್ನು ಗಟ್ಟಿಯಾಗಿ ಹಿಡಿದುಕೊಂಡು, ಅದನ್ನೇ ನೆಪ ಮಾಡಿಕೊಂಡು ಸುಮ್ಮನಾದೆ. ಮಾವ ಇರುವವರೆಗೂ ಹೇಳಲಿಲ್ಲ. ಜೇವರ್ಗಿ ಎಷ್ಟು ದೂರ? ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಹೋಗಿ ಬರಬಹುದಿತ್ತು. ಹೋದದ್ದು ನಿವೃತ್ತಿಯಾದ ಮೇಲೆ.

ಅಲ್ಲಿ ಹೆದ್ದಾರಿಯ ಬದಿ ಅವರ ಗ್ಯಾರೇಜಿದ್ದ ಜಾಗದಲ್ಲಿ ಈಗ ಟಯರ್ ಅಂಗಡಿಯಿತ್ತು. ಅಲ್ಲಿಯವರು ಹಿಂದಿನ ಓಣಿ ತೋರಿಸಿದರು. ಅವರ ಹೆಂಡತಿ ಹೊರಗೆ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕುಳಿತಿದ್ದರು. ಹಣೆ ಬರಿದಾಗಿತ್ತು. ಕಾಕಾ ಹೋಗಿ ಎರಡು ವರ್ಷವಾಗಿತ್ತಂತೆ. ನಾನು ಯಾರೆಂದು ಹೇಳಿ, ನಿಂತಲ್ಲೇ, ಕುಳಿತುಕೊಳ್ಳುವ ಮೊದಲೇ ಹೇಳಿಬಿಟ್ಟೆ, "ಅವತ್ತ ಎಣ್ಣಿ ಹಾಕಿದ್ದು ನಾನ್ರಿ ಕಾಕೂ."

ಆಕೆ ಮೊರ ನಿಲ್ಲಿಸಲಿಲ್ಲ. "ಗೊತ್ತದ್ರಿ. ಅವತ್ತ ಅವರ ಧೋತರದಾಗ ಕುಸುಬಿ ಎಣ್ಣಿ ವಾಸನಿ ಇತ್ತು. ಅದನ್ನ ಒಗದಾಕಿ ನಾನ" ಎಂದರು.

ನಾನು ಮೊರದ ಪಕ್ಕ ಕುಳಿತೆ. ಆಕೆಯೇ ಕೇಳಿದರು. "ನೀವು ಸಾಲಿ ಬಿಡಲಿಲ್ಲಲ್ಲ?"

"ಇಲ್ರಿ. ಮೊನ್ನಿ ರಿಟೈರ್ ಆಗೂತನಕ ಹೋದೆ."

"ಆಳಂದ ಕಡಿ ಗಾಡಿ ಬಂದ್ರ ಅಷ್ಟ ಕೇಳತಿದ್ರು ನೋಡ್ರಿ. ಅಕ್ಕೋರು ಇನ್ನಾ ಸಾಲಿಗೆ ಹೊಂಟಾರೇನು ಅಂತ. ಹೊಂಟಾರ ಅಂದ್ರ, ಹಂಗ ಹೇಳಿದ ಡ್ರೈವರ್ ಕಡಿಂದ ಕೆಲಸಕ್ಕ ಚಾದ ರೊಕ್ಕಾನೂ ತಗೋತಿರಲಿಲ್ಲ."

ಇಷ್ಟು ನೆನೆಯುವಷ್ಟರಲ್ಲಿ ಬಾಣಲೆಯ ಎಣ್ಣೆ ಕಪ್ಪಗಾಗಿ ಮನೆಯೆಲ್ಲ ಹೊಗೆ ತುಂಬಿಕೊಂಡಿತ್ತು. ಗ್ಯಾಸ್ ಬಂದ್ ಮಾಡಿ ಕಿಟಕಿ ತೆರೆದೆ. ಮುಷ್ಟಿ ಬಿಚ್ಚಿದರೆ ಸಾಸಿವೆ ಬೆವರಿಗೆ ಅಂಗೈಗೇ ಅಂಟಿಕೊಂಡಿತ್ತು. "ಹೊಂಟಿದ್ದೆ ಕಾಕಾ, ಒಂದು ದಿನಾನೂ ತಪ್ಪಿಸಲಿಲ್ಲ" ಎಂದೆ, ಜೋರಾಗಿಯೇ ಎಂದೆ. ಕೇಳುವವರು ಯಾರೂ ಇರಲಿಲ್ಲ.